ನೀರು ಬಿಡುವ ಹೊತ್ತು, ಬರೆಯುವ ಹೊತ್ತು: ಬದಿಯಡ್ಕದ ಒಬ್ಬ ಕಾದಂಬರಿಗಾರ್ತಿಯ ದಿನಚರಿ ರೂಪುಗೊಂಡ ಬಗೆ

ಈ ಪ್ರಕರಣದ ಕೇಂದ್ರದಲ್ಲಿರುವವರು ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಿಂದ ಒಳಕ್ಕೆ, ಗುಡ್ಡದ ಬುಡದ ಹಳ್ಳಿಯೊಂದರಲ್ಲಿ ವಾಸಿಸುವ 41 ವರ್ಷದ ಒಬ್ಬ ಮಹಿಳೆ. ಸಹಕಾರಿ ಬ್ಯಾಂಕೊಂದರ ಶಾಖೆಯಲ್ಲಿ ಗುಮಾಸ್ತೆಯಾಗಿರುವ ಅವರ ಮನೆಯಲ್ಲಿ ಪತಿ, ಎಪ್ಪತ್ತು ದಾಟಿದ ಅತ್ತೆ, ಇಬ್ಬರು ಶಾಲೆ ಮಕ್ಕಳು, ಒಂದು ಹಸು ಮತ್ತು ಎರಡು ಎಕರೆ ಅಡಿಕೆ ತೋಟ ಇವೆ. ಪತಿ ತೋಟವನ್ನು ನೋಡಿಕೊಳ್ಳುವುದರ ಜೊತೆಗೆ ಊರಿನ ಮನೆಗಳ ವೈರಿಂಗ್ ಕೆಲಸವನ್ನೂ ಮಾಡುತ್ತಾರೆ. ಹೈಸ್ಕೂಲಿನಲ್ಲಿ ಈ ಮಹಿಳೆ ನನ್ನ ಕನ್ನಡ ತರಗತಿಯಲ್ಲಿದ್ದವರು. ಹೆಸರು ಬೇಡವೆಂದು ಅವರೇ ಹೇಳಿದ್ದರಿಂದ ಇಲ್ಲಿ ಅವರನ್ನು ಲೇಖಕಿ ಎಂದಷ್ಟೇ ಕರೆಯುತ್ತೇನೆ. ಅವರ ಒಪ್ಪಿಗೆಯಿಂದಲೇ, ಅವರು ಓದಿ ತಿದ್ದಿದ ಮೇಲೆಯೇ, ಈ ವಿವರಗಳನ್ನು ಬರೆಯುತ್ತಿದ್ದೇನೆ.

ಹಲವು ವರ್ಷ ಕನ್ನಡ ಕಲಿಸಿದ ನಾನು, ಇಪ್ಪತ್ತೈದರ ಪ್ರಾಯದವರೆಗೆ ಚೆನ್ನಾಗಿ ಕತೆ ಬರೆದು ಆಮೇಲೆ ನಿಂತುಹೋದ ವಿದ್ಯಾರ್ಥಿಗಳನ್ನು ಸಾಕಷ್ಟು ಕಂಡಿದ್ದೇನೆ. ಅವರಲ್ಲಿ ಛಲ ಸಾಲಲಿಲ್ಲವೆಂದು ಬಹಳ ಕಾಲ ನಂಬಿದ್ದೆ. ಈ ಒಂದು ಪ್ರಕರಣವನ್ನು ಒಂದೂವರೆ ವರ್ಷ ಹತ್ತಿರದಿಂದ ನೋಡಿದ ಮೇಲೆ ಆ ನಂಬಿಕೆ ನನ್ನಲ್ಲಿ ಉಳಿದಿಲ್ಲ.

ಲೇಖಕಿ ಬರೆಯಲು ಹೊರಟಿದ್ದು ಸುರಂಗ ತೋಡುವವರ ಮೂರು ತಲೆಮಾರಿನ ಕಾದಂಬರಿ. ನಮ್ಮ ಕಡೆಯವರಿಗೆ ಸುರಂಗವನ್ನು ವಿವರಿಸಬೇಕಾಗಿಲ್ಲ. ಘಟ್ಟದ ಮೇಲಿನ ಓದುಗರಿಗಾಗಿ ಹೇಳುವುದಾದರೆ, ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ನುಗ್ಗುವಷ್ಟೇ ಅಗಲಕ್ಕೆ ಕೊರೆದ ನೀರಿನ ದಾರಿಯದು. ಅದರಿಂದ ಒಸರಿದ ನೀರು ಪಂಪಿನ ಹಂಗಿಲ್ಲದೆ ತಾನಾಗಿ ಹರಿದು ಅಂಗಳದ ಬದಿಯ ಟ್ಯಾಂಕಿಗೆ ಬೀಳುತ್ತದೆ. ಕತೆಯ ಕಾಲ 1930ರ ದಶಕದಿಂದ, ಈ ನೆಲ ಮದ್ರಾಸ್ ಆಡಳಿತದ ದಕ್ಷಿಣ ಕನ್ನಡದ ಭಾಗವಾಗಿದ್ದ ದಿನಗಳಿಂದ ಆರಂಭವಾಗಿ, 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ್ದನ್ನು ಹಾದು, 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದಲ್ಲಿಗೆ ಮುಗಿಯಬೇಕೆಂಬುದು ಅವರ ಯೋಜನೆ. 2022ರ ಅಕ್ಟೋಬರಿನಲ್ಲಿ ಅವರು ನನ್ನಲ್ಲಿಗೆ ಬಂದಾಗ ಕೈಯಲ್ಲಿದ್ದದ್ದು ಸುಮಾರು ನಲುವತ್ತು ಪುಟ. ಅದೂ ಮೂರು ವರ್ಷದಲ್ಲಿ ನಾಲ್ಕು ಸಲ ಮೊದಲಿನಿಂದ ಬರೆದ ಒಂದೇ ಅಧ್ಯಾಯ.

"ಮಾಷ್ಟ್ರೇ, ಪುರುಸೊತ್ತು ಇಲ್ಲ ಎಂದು ಹೇಳಲು ನನಗೇ ನಾಚಿಕೆಯಾಗುತ್ತದೆ. ಪುರುಸೊತ್ತು ಸಿಕ್ಕಿದ ದಿನವೂ ಬರೆಯಲಿಕ್ಕೆ ಆಗುವುದಿಲ್ಲ" ಎಂದರು.

ಈ ಎರಡನೆಯ ವಾಕ್ಯಕ್ಕೆ ನಾನು ಆಗ ಕೊಡಬೇಕಾದಷ್ಟು ಗಮನ ಕೊಡಲಿಲ್ಲ. ಎಲ್ಲರೂ ಕೊಡುವ ಸಲಹೆಯನ್ನೇ ನಾನೂ ಕೊಟ್ಟೆ: ಬೆಳಗ್ಗೆ ನಾಲ್ಕಕ್ಕೆ ಎದ್ದು, ಮನೆ ಏಳುವ ಮೊದಲು ದಿನಕ್ಕೆ ಸಾವಿರ ಪದ ಬರೆಯಬೇಕು. ಅವರು ಹನ್ನೊಂದು ದಿನ ಹಾಗೆಯೇ ಮಾಡಿದರು. ಹನ್ನೆರಡನೆಯ ದಿನ ಬ್ಯಾಂಕಿನ ಲೆಕ್ಕದಲ್ಲಿ ತಪ್ಪಾಗಿ, ಸಂಜೆ ಏಳರವರೆಗೆ ಕುಳಿತು ಅದನ್ನು ಹುಡುಕಬೇಕಾಯಿತು. ರಾತ್ರಿ ಹನ್ನೊಂದರ ಮೊದಲು ಅಡುಗೆಮನೆಯ ದೀಪ ಆರದ ಮನೆಯ ಹೆಂಗಸಿಗೆ ನಾಲ್ಕಕ್ಕೆ ಏಳಲು ಹೇಳುವುದೆಂದರೆ ಅವಳ ನಿದ್ದೆಯಲ್ಲಿ ಒಂದು ಗಂಟೆಯನ್ನು ಕಿತ್ತುಕೊಳ್ಳುವುದೇ ಹೊರತು ಸಮಯವನ್ನು ಕಂಡುಕೊಟ್ಟಂತಾಗುವುದಿಲ್ಲ. ಆ ಸಲಹೆಯ ತಪ್ಪು ನನ್ನದು.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ನಮ್ಮಲ್ಲಿ ಬರೆಯಲು ಸಮಯವಿಲ್ಲವೆಂದು ಯಾರೇ ಹೇಳಿದರೂ ತಕ್ಷಣ ಕಯ್ಯಾರ ಕಿಞ್ಞಣ್ಣ ರೈಗಳ (1915–2015) ಉದಾಹರಣೆ ಬರುತ್ತದೆ. ಇದೇ ಬದಿಯಡ್ಕದ ಪೆರಡಾಲದಲ್ಲಿ ನೆಲೆಸಿ, ಮೇಷ್ಟರಾಗಿ, ಕೃಷಿಕರಾಗಿ, ಹೋರಾಟಗಾರರಾಗಿ ಅವರು ಕವಿಯೂ ಆಗಿದ್ದರು. ಆ ಗೌರವ ನನಗೂ ಇದೆ. ಆದರೆ ಕವಿತೆಯ ಸಾಲೊಂದನ್ನು ತೋಟದಲ್ಲಿ ಅಡಿಕೆ ಹಾಳೆ ಹೆಕ್ಕುತ್ತ ಮನಸ್ಸಿನಲ್ಲಿ ತಿರುವಿಕೊಂಡಿರಬಹುದು. ಕಾದಂಬರಿಯನ್ನು ಹಾಗೆ ಹೊತ್ತುಕೊಂಡು ತಿರುಗಲಾಗದು. ನಲುವತ್ತನೆಯ ಪುಟದಲ್ಲಿ ಯಾರ ಕೈಯಲ್ಲಿ ಪಿಕ್ಕಾಸು ಇತ್ತು, ಯಾರಿಗೆ ಎಷ್ಟು ವಯಸ್ಸು, ಯಾರಿಗೆ ಯಾವ ಸಂಗತಿ ಇನ್ನೂ ಗೊತ್ತಿಲ್ಲ ಎಂಬುದೆಲ್ಲ ನೂರನೆಯ ಪುಟ ಬರೆಯುವಾಗ ಎದುರಿಗಿರಬೇಕು. ಲೇಖಕಿಯ ಹಸ್ತಪ್ರತಿಯಲ್ಲಿ ಒಬ್ಬ ಹುಡುಗನಿಗೆ 1956ರಲ್ಲಿ ಹನ್ನೆರಡು ವರ್ಷ. ಐದು ವಾರ ಬಿಟ್ಟು ಬರೆದ ಮುಂದಿನ ಭಾಗದಲ್ಲಿ, 1960ರಲ್ಲಿ, ಅವನಿಗೆ ಇಪ್ಪತ್ತಾಗಿ ಮದುವೆಯ ಮಾತುಕತೆಯೂ ನಡೆದಿತ್ತು. ಬಿಟ್ಟು ಬಿಟ್ಟು ಬರೆದರೆ ಕಾದಂಬರಿ ತೆರಬೇಕಾದ ಬೆಲೆ ಇಂಥದ್ದು.

ಅಡ್ಡಿಗಳ ಪಟ್ಟಿ

ನವೆಂಬರಿನಲ್ಲಿ ನಾವು ಬೇರೆ ದಾರಿ ಹಿಡಿದೆವು. ಎರಡು ವಾರ ಕಾದಂಬರಿಯನ್ನು ಮುಟ್ಟದೆ, ಪ್ರತಿ ಸಂಜೆ ಬರೆಯಬಹುದಾಗಿದ್ದ ಹೊತ್ತಿನಲ್ಲಿ ಏನೇನು ಅಡ್ಡ ಬಂತೆಂಬುದನ್ನು ಮಾತ್ರ ಗುರುತಿಸಿಡಲು ಹೇಳಿದೆ. ಅತ್ತೆಯ ಮಾತ್ರೆ, ಚಿಕ್ಕವನ ಜ್ವರ, ಬೆಳಿಗ್ಗೆ ಕೆಲಸದವರು ಬರುತ್ತಾರೋ ಇಲ್ಲವೋ ಎಂಬ ಫೋನು, ನೆರೆಮನೆಯ ಮದುವೆಯ ಆಮಂತ್ರಣ, ಮಕ್ಕಳ ಹೋಂವರ್ಕು ಇವೆಲ್ಲ ಆ ಪಟ್ಟಿಯಲ್ಲಿ ಇದ್ದವು. ಮೊಬೈಲಿನ ವಾಟ್ಸ್ಯಾಪ್ ಗುಂಪುಗಳೂ ಇದ್ದವು, ಆದರೆ ನಾನು ನೆನೆಸಿದಷ್ಟು ಅಲ್ಲ. ಅದಕ್ಕಿಂತ ಹೆಚ್ಚು ಹೊತ್ತು ತಿಂದದ್ದು ಅವರು ಕಾದಂಬರಿಗಾಗಿಯೇ ಮಾಡುತ್ತಿದ್ದ ಮಾಹಿತಿ ಸಂಗ್ರಹ. ಸುರಂಗದ ಬಗ್ಗೆ ಗೊತ್ತಿರುವ ಹಿರಿಯರಿಗೆ ಕರೆ ಮಾಡುವುದು, ಹಳೆಯ ಅಳತೆಗಳ ಹೆಸರು ಹುಡುಕುವುದು, 1950ರ ದಶಕದ ಅಕ್ಕಿಯ ಕ್ರಯ ಎಷ್ಟಿತ್ತೆಂದು ಕೇಳುವುದು. ಅದು ಕೆಲಸದಂತೆಯೇ ಕಾಣುತ್ತದೆ, ಮನಸ್ಸಿಗೆ ತೃಪ್ತಿಯನ್ನೂ ಕೊಡುತ್ತದೆ, ಆದ್ದರಿಂದ ಅದನ್ನು ಅಡ್ಡಿಯೆಂದು ಒಪ್ಪಿಕೊಳ್ಳುವುದು ಅವರಿಗೆ ಕಷ್ಟವಾಯಿತು.

ಆ ಹದಿನಾಲ್ಕು ಸಂಜೆಗಳಲ್ಲಿ ಆರು ಸಂಜೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಯಾರೂ ಅವರನ್ನು ಕರೆದಿರಲಿಲ್ಲ, ಫೋನೂ ಬಂದಿರಲಿಲ್ಲ. ಆ ಆರು ಸಂಜೆಗಳ ಎದುರು ಅವರು "ಸುಮ್ಮನೆ ಕುಳಿತೆ" ಎಂದು ಬರೆದಿದ್ದರು. ಪುರುಸೊತ್ತು ಸಿಕ್ಕಿದ ದಿನವೂ ಬರೆಯಲಾಗುವುದಿಲ್ಲವೆಂದು ಮೊದಲ ದಿನವೇ ಹೇಳಿದ್ದರಲ್ಲ, ಅದು ಇಲ್ಲಿ ಮತ್ತೆ ಎದುರಾಯಿತು.

ಇದನ್ನು ಇಬ್ಬರೂ ಕುಳಿತು ಬಿಡಿಸಿ ನೋಡಿದಾಗ ತಿಳಿದದ್ದು, ಗಡಿನಾಡಿನಲ್ಲಿ ಕನ್ನಡ ಬರೆಯುವವರಿಗೇ ವಿಶೇಷವಾಗಿ ಅನ್ವಯಿಸುವ ಒಂದು ಸಂಗತಿ. ಬೆಳಗ್ಗೆ ಹತ್ತರಿಂದ ಐದರವರೆಗೆ ಲೇಖಕಿಯ ಕೆಲಸ ಮಲಯಾಳದಲ್ಲಿ. ಕೌಂಟರಿನ ಎದುರು ನಿಂತವರು ತುಳುವಿನಲ್ಲಿ, ಬ್ಯಾರಿಯಲ್ಲಿ, ಹವ್ಯಕದಲ್ಲಿ, ಮಲಯಾಳದಲ್ಲಿ ಮಾತಾಡುತ್ತಾರೆ. ಅವರವರ ಭಾಷೆಯಲ್ಲೇ ಉತ್ತರ ಕೊಡಬೇಕು. ಮನೆಗೆ ಬಂದರೆ ಅತ್ತೆಯೊಂದಿಗೆ ತುಳು. ಮಕ್ಕಳ ಪಾಠ ಇಂಗ್ಲಿಷ್ ಮಾಧ್ಯಮದ್ದು. ಕಾದಂಬರಿ ಬರೆಯುವ ಕನ್ನಡವನ್ನು ಅವರು ದಿನವಿಡೀ ಒಂದು ಸಲವೂ ಆಡುವುದಿಲ್ಲ, ಪತ್ರಿಕೆ ಓದದ ದಿನ ನೋಡುವುದೂ ಇಲ್ಲ. ಹಾಗಾಗಿ ಸಂಜೆ ಪುಸ್ತಕ ತೆರೆದಾಗ ಮೊದಲು ಬರುವ ವಾಕ್ಯ ಅವರದ್ದೇ ಮಾತಿನಲ್ಲಿ "ಬ್ಯಾಂಕಿನ ಸುತ್ತೋಲೆಯ ಹಾಗೆ" ಇರುತ್ತಿತ್ತು. ಆ ವಾಕ್ಯವನ್ನು ಕಂಡು ಬೇಸರವಾಗಿ ಹೊಡೆದು ಹಾಕುತ್ತಿದ್ದರು. ಎರಡನೆಯದೂ ಹಾಗೆಯೇ. ಅಷ್ಟರಲ್ಲಿ ಅರ್ಧ ಗಂಟೆ ಮುಗಿದು ಯಾರೋ ಕರೆಯುತ್ತಿದ್ದರು.

ಒಂದು ಸಣ್ಣ ಉದಾಹರಣೆಯಿಂದ ಇದು ಸ್ಪಷ್ಟವಾಗಬಹುದು. ಅವರ ಕತೆಯಲ್ಲಿ ಸುರಂಗದ ಒಳಗಿನಿಂದ ತಂದೆ ಮಗನನ್ನು ಕರೆಯುತ್ತಾನೆ, ಮಗ ಹೊರಗಿನಿಂದ ಓಗೊಡುತ್ತಾನೆ. ಅವನ ಬಾಯಲ್ಲಿ ಬರಬೇಕಾದ ಮಾತು ತುಳುವಿನ "ಇತ್ತೆ ಬರ್ಪೆ" ಎಂದೋ, ಮಲಯಾಳದ "ಇಪ್ಪೋ ವರಾಂ" ಎಂದೋ, ಕನ್ನಡದ "ಈಗ ಬಂದೆ" ಎಂದೋ? ಲೇಖಕಿ ಅಂದು ಮೊದಲಿನ ಎರಡನ್ನೂ ಬೇರೆ ಬೇರೆ ಜನರಿಗೆ ಹೇಳಿ ಬಂದವರು. ಹುಡುಗನ ಮನೆಮಾತು ತುಳು, ಕಾದಂಬರಿಯ ಭಾಷೆ ಕನ್ನಡ. ಈ ಎರಡರ ನಡುವಿನ ಹದವನ್ನು ಹುಡುಕುವುದಕ್ಕೆ ಮೊದಲು ಬರೆಯುವವಳು ಕನ್ನಡದೊಳಗೆ ಬಂದು ನೆಲೆಯಾಗಬೇಕು. ಆ ಬರುವ ದಾರಿಗೇ ಹೊತ್ತು ಬೇಕೆಂದು ನಾವಿಬ್ಬರೂ ಯೋಚಿಸಿಯೇ ಇರಲಿಲ್ಲ.

ಒಂದು ಕೆಲಸದಿಂದ ಇನ್ನೊಂದಕ್ಕೆ ದಾಟಿದಾಗ ಹಿಂದಿನದರ ಶೇಷ ಗಮನದಲ್ಲಿ ಉಳಿದು ಮುಂದಿನದನ್ನು ಕೆಡಿಸುತ್ತದೆ ಎಂಬುದನ್ನು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದ್ದಾರೆ. ನಮ್ಮ ಪ್ರಕರಣದಲ್ಲಿ ಹಾಗೆ ಉಳಿದುಬರುತ್ತಿದ್ದದ್ದು ಕೆಲಸ ಮಾತ್ರವಲ್ಲ, ಭಾಷೆಯೂ ಹೌದೆಂದು ನನ್ನ ಅಭಿಪ್ರಾಯ.

ಇದಕ್ಕೆ ಕಂಡುಕೊಂಡ ಉಪಾಯ ಬಹಳ ಸರಳವಾದದ್ದು. ಕುಳಿತ ಕೂಡಲೇ ಹೊಸತನ್ನು ಬರೆಯಬಾರದು. ಹಿಂದಿನ ಸಲ ಬರೆದದ್ದರ ಕೊನೆಯ ಅರ್ಧ ಪುಟವನ್ನು ತಗ್ಗಿದ ದನಿಯಲ್ಲಿ ಓದಿಕೊಳ್ಳುತ್ತ, ಹೊಸ ಹಾಳೆಗೆ ಕೈಯಿಂದ ನಕಲು ಮಾಡಬೇಕು. ಹತ್ತು ನಿಮಿಷದ ಕೆಲಸ. ನಕಲು ಮಾಡುವಾಗ ಕೈ ತಾನಾಗಿ ಒಂದೆರಡು ಪದ ಬದಲಿಸುತ್ತದೆ, ವಾಕ್ಯದ ನಡಿಗೆ ಕಿವಿಗೆ ಮರಳುತ್ತದೆ, ಅರ್ಧ ಪುಟ ಮುಗಿಯುವಾಗ ಮುಂದಿನ ವಾಕ್ಯ ಸುತ್ತೋಲೆಯ ಹಾಗೆ ಇರುವುದಿಲ್ಲ. ಇದೇ ಕಾರಣಕ್ಕೆ ಅವರು ಮೊಬೈಲಿನಲ್ಲಿ ಟೈಪ್ ಮಾಡುವುದನ್ನೂ ಬಿಟ್ಟರು. ಮಲಯಾಳ, ಇಂಗ್ಲಿಷ್, ಕನ್ನಡ ಈ ಮೂರೂ ಕೀಲಿಮಣೆಗಳಿರುವ ಆ ಫೋನು ಅವರನ್ನು ಪ್ರತಿ ಸಲವೂ ಮತ್ತೆ ಕೌಂಟರಿಗೇ ಒಯ್ಯುತ್ತಿತ್ತು. 200 ಪುಟದ ಉದ್ದ ನೋಟುಬುಕ್ಕು ಮತ್ತು ಪೆನ್ನಿಗೆ ಮರಳಿದ ಮೇಲೆ ಫೋನು ಅತ್ತೆಯ ಕೋಣೆಯಲ್ಲಿ ಚಾರ್ಜಿಗೆ ಇರತೊಡಗಿತು.

ಗೇಟ್‌ವಾಲ್ವಿನ ನಡುವೆ

ಡಿಸೆಂಬರಿನಲ್ಲಿ ತೋಟಕ್ಕೆ ನೀರು ಬಿಡುವುದು ಆರಂಭವಾಯಿತು. ತೋಟವನ್ನು ಮೂರು ಭಾಗ ಮಾಡಿ ಸ್ಪ್ರಿಂಕ್ಲರ್ ಹಾಕಿದ್ದಾರೆ. ಒಂದು ಭಾಗಕ್ಕೆ ಮುಕ್ಕಾಲು ಗಂಟೆ ನೀರು ಹೋದ ಮೇಲೆ ಆ ಗೇಟ್‌ವಾಲ್ವ್ ಮುಚ್ಚಿ ಇನ್ನೊಂದನ್ನು ತೆರೆಯಬೇಕು. ವೈರಿಂಗ್ ಕೆಲಸ ಮುಗಿಸಿ ಪತಿ ತಡವಾಗಿ ಬರುವುದರಿಂದ ಸಂಜೆಯ ಈ ಪಾಳಿ ಲೇಖಕಿಯದ್ದೇ. ಮೊದಲ ವಾಲ್ವಿನ ಹೊತ್ತಿಗೆ ಅಡುಗೆಯ ಅರ್ಧ ಕೆಲಸ ಮುಗಿಸಿ, ಎರಡನೆಯದನ್ನು ತಿರುಗಿಸಿದ ಮೇಲೆ ಮನೆಗೆ ಮರಳದೆ ಪಂಪುಶೆಡ್ಡಿನ ಬಲ್ಬಿನ ಕೆಳಗೆ ಒಂದು ಸ್ಟೂಲು ಹಾಕಿ ಕುಳಿತುಕೊಳ್ಳಲು ಶುರು ಮಾಡಿದರು. ಮುಕ್ಕಾಲು ಗಂಟೆ. ಅದರಲ್ಲಿ ಹತ್ತು ನಿಮಿಷ ನಕಲಿಗೆ.

ಈ ಕ್ರಮ ಯಾಕೆ ನೆಲೆಯಾಯಿತೆಂಬುದರಲ್ಲಿ ಈ ಪ್ರಕರಣದ ತಿರುಳಿದೆ. ಪಂಪುಶೆಡ್ಡು ಮನೆಗಿಂತ ನಿಶ್ಶಬ್ದವಾದ ಜಾಗವೇನಲ್ಲ. ಮೋಟಾರಿನ ಸದ್ದು ಸಣ್ಣದಲ್ಲ, ಸೊಳ್ಳೆಯ ಕಾಟವೂ ಇದೆ. ಆದರೆ ಅವರು ಜಗಲಿಯಲ್ಲಿ ಪುಸ್ತಕ ಹಿಡಿದು ಕುಳಿತರೆ ಮನೆಯವರ ಕಣ್ಣಿಗೆ ಬಿಡುವಾಗಿ ಕುಳಿತವರು; ಆದ್ದರಿಂದ ಕರೆಯಬಹುದು. ಪಂಪಿನ ಬಳಿ ಇದ್ದರೆ "ನೀರು ಬಿಡಲು ಹೋಗಿದ್ದಾಳೆ", ಅಂದರೆ ಕೆಲಸದಲ್ಲಿದ್ದಾಳೆ. ನೀರು ಬಿಡುವುದು ಕೆಲಸವೆಂದು ಆ ಮನೆ ಒಪ್ಪುತ್ತದೆ, ಬರೆಯುವುದನ್ನು ಒಪ್ಪಿರಲಿಲ್ಲ. ಒಪ್ಪದಿದ್ದದ್ದು ದುರುದ್ದೇಶದಿಂದಲ್ಲ, ಯಾರೂ ಆ ಮಾತನ್ನು ಅವರ ಮುಂದೆ ಎತ್ತಿರಲಿಲ್ಲ ಅಷ್ಟೆ. ಆರು ತಿಂಗಳು ಕಾದಂಬರಿ ಬೆಳೆದದ್ದು ಇನ್ನೊಂದು ಕೆಲಸದ ಹೆಸರಿನ ಮರೆಯಲ್ಲಿ.

ಅಳತೆಯ ಪ್ರಶ್ನೆಯೂ ಈ ಅವಧಿಯಲ್ಲಿಯೇ ಇತ್ಯರ್ಥವಾಯಿತು. ಸಾವಿರ ಪದದ ಗುರಿಯನ್ನು ಕೈಬಿಟ್ಟ ಮೇಲೆ ಅವರು ಮುನ್ನೂರು ಎಂದು ಇಟ್ಟುಕೊಂಡಿದ್ದರು. ಅದೂ ಕೆಲವು ದಿನ ಸುಲಭವಾಗಿ ಆಗುತ್ತಿತ್ತು, ಕೆಲವು ದಿನ ನೂರಕ್ಕೇ ನಿಲ್ಲುತ್ತಿತ್ತು. ನಿಂತ ದಿನ ಮರುದಿನದ ಉತ್ಸಾಹವೂ ಕುಗ್ಗುತ್ತಿತ್ತು. ಕಾದಂಬರಿಗಾಗಿ ಮಾತಾಡಿಸಲು ಹೋಗಿದ್ದಾಗ ಸುರಂಗ ತೋಡುವ ಕೆಲಸದಲ್ಲಿಯೇ ಆಯುಷ್ಯ ಕಳೆದ ಹಿರಿಯರೊಬ್ಬರನ್ನು ಅವರು ದಿನಕ್ಕೆ ಎಷ್ಟು ಕೋಲು ತೋಡುತ್ತಿದ್ದಿರಿ ಎಂದು ಕೇಳಿದರಂತೆ. ಸುರಂಗದ ಉದ್ದವನ್ನು ಕೋಲಿನಲ್ಲಿಯೇ ಹೇಳುವುದು ವಾಡಿಕೆ. ಅವರು ಕೊಟ್ಟ ಉತ್ತರ: ಕೋಲಿನ ಲೆಕ್ಕ ಯಜಮಾನರಿಗೆ, ನಮಗೆ ಬುಟ್ಟಿಯ ಲೆಕ್ಕ. ಮೆದು ಮಣ್ಣು ಸಿಕ್ಕಿದರೆ ಕೋಲು ಮುಂದೆ ಹೋಗುತ್ತದೆ, ಗಟ್ಟಿ ಕಲ್ಲು ಸಿಕ್ಕಿದರೆ ಹೋಗುವುದಿಲ್ಲ. ಅದು ಗುಡ್ಡದ ಇಷ್ಟ. ಬೆಳಗ್ಗಿನಿಂದ ಎಷ್ಟು ಬುಟ್ಟಿ ಹೊರಗೆ ಹಾಕಿದೆವು ಎಂಬುದು ಮಾತ್ರ ನಮ್ಮ ಕೈಯಲ್ಲಿರುವುದು.

ಮರುದಿನದಿಂದ ಲೇಖಕಿ ಪದ ಎಣಿಸುವುದನ್ನು ನಿಲ್ಲಿಸಿದರು. ಬ್ಯಾಂಕಿನ ಗೋಡೆ ಕ್ಯಾಲೆಂಡರಿನಲ್ಲಿ, ಕುಳಿತ ದಿನಕ್ಕೆ ಒಂದು ಗೀಟು; ಹೊಡೆದು ಹಾಕಿದ ವಾಕ್ಯವೂ ಹೊರಗೆ ಹಾಕಿದ ಮಣ್ಣೇ. ಈ ಬದಲಾವಣೆಯ ಪರಿಣಾಮವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಫೆಬ್ರವರಿಯಲ್ಲಿ ಒಂದು ದೃಶ್ಯ ಒಂಬತ್ತು ದಿನ ಅವರನ್ನು ಸತಾಯಿಸಿತು. ಹಿಂದಾಗಿದ್ದರೆ ಮೂರನೆಯ ದಿನವೇ ಬಿಟ್ಟು ಮೊದಲ ಅಧ್ಯಾಯವನ್ನು ತಿದ್ದಲು ಹೋಗುತ್ತಿದ್ದರು. ಈ ಸಲ ಒಂಬತ್ತೂ ದಿನ ಗೀಟು ಬಿತ್ತು, ಹತ್ತನೆಯ ದಿನ ದೃಶ್ಯ ಮುಗಿಯಿತು.

ವಾಲ್ವಿನ ಹೊತ್ತು ತೀರಿದಾಗ ವಾಕ್ಯ ಅರ್ಧದಲ್ಲಿದ್ದರೂ ಏಳಲೇಬೇಕಾಗಿದ್ದದ್ದೂ ಲಾಭವೇ ಆಯಿತು. ಮೊದಮೊದಲು ಅವರು ಅದಕ್ಕಾಗಿ ಮರುಗಿದರು. ಆದರೆ ಮರುದಿನ ನಕಲು ಮುಗಿದಲ್ಲಿ ಒಂದು ಅರ್ಧ ವಾಕ್ಯ ಕಾದಿರುತ್ತಿದ್ದುದರಿಂದ ಎಲ್ಲಿಂದ ತೊಡಗುವುದೆಂಬ ಪ್ರಶ್ನೆಯೇ ಬರುತ್ತಿರಲಿಲ್ಲ. ಜೊತೆಗೆ ಒಂದು ಸಣ್ಣ ಪುಸ್ತಕವನ್ನೂ ಇಟ್ಟುಕೊಂಡರು. ಅದರ ಒಂದು ಬದಿಯಲ್ಲಿ ಪಾತ್ರಗಳ ಹೆಸರು, ಹುಟ್ಟಿದ ವರ್ಷ, ಯಾವ ಇಸವಿಯಲ್ಲಿ ಎಷ್ಟು ಪ್ರಾಯ. ಇನ್ನೊಂದು ಬದಿಯಲ್ಲಿ ಏಳುವ ಮೊದಲು ಬರೆಯುವ ಒಂದು ಸಾಲು, "ಮುಂದೆ" ಎಂದು. ಮಾಹಿತಿ ಬೇಕೆನಿಸಿದರೆ ಆ ಜಾಗದಲ್ಲಿ ಒಂದು ಚೌಕ ಎಳೆದು ಮುಂದೆ ಹೋಗುವುದು, ಚೌಕಗಳನ್ನು ತುಂಬಿಸಲು ತಿಂಗಳಿಗೊಂದು ಭಾನುವಾರ. 1950ರ ದಶಕದ ಅಕ್ಕಿಯ ಕ್ರಯ ಈಗಲೂ ಒಂದು ಚೌಕವಾಗಿಯೇ ಇದೆ.

ನನ್ನ ಇನ್ನೊಂದು ತಪ್ಪನ್ನು ಇಲ್ಲಿಯೇ ದಾಖಲಿಸುತ್ತೇನೆ. ಪ್ರತಿ ಭಾನುವಾರ ಆ ವಾರದ ಪುಟಗಳನ್ನು ತೋರಿಸಲು ಹೇಳಿದ್ದೆ. ಒಂದೂವರೆ ತಿಂಗಳಾಗುವಾಗ ಅವರು ಶನಿವಾರದ ರಾತ್ರಿ ನನಗಾಗಿ ಪುಟಗಳನ್ನು ಚಂದ ಮಾಡಲು ಕುಳಿತುಕೊಳ್ಳುತ್ತಿದ್ದರು. ನಾನು ಮೆಚ್ಚಿದ ಭಾಗ ಅಲುಗಾಡದಂತೆ ಗಟ್ಟಿಯಾಗುತ್ತಿತ್ತು, ಮೆಚ್ಚದ್ದು ಮುಂದಿನ ವಾರ ಮಾಯವಾಗುತ್ತಿತ್ತು. ಒಂದು ಭಾಗ ಪೂರ್ತಿಯಾಗುವ ತನಕ ನಾನಾಗಲಿ ಬೇರೆ ಯಾರೇ ಆಗಲಿ ಓದಕೂಡದೆಂದು ತೀರ್ಮಾನಿಸಿದೆವು. ಓದದೆ ಕಾಯುವುದು ಮೇಷ್ಟರಿಗೆ ಸುಲಭವಲ್ಲ, ಆದರೆ ಅದು ಬೇಕಾಗಿತ್ತು.

ಮಳೆ ಬಂದ ಮೇಲೆ

2023ರಲ್ಲಿ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದು ಜೂನ್ 8ರಂದು, ವಾಡಿಕೆಯ ಜೂನ್ 1ಕ್ಕಿಂತ ಒಂದು ವಾರ ತಡವಾಗಿ. ಅಲ್ಲಿಯವರೆಗೂ ಪಂಪು ಓಡಿತು, ಬರವಣಿಗೆಯೂ ಓಡಿತು. ಮಳೆ ಹಿಡಿದ ವಾರದಲ್ಲಿಯೇ ಎರಡೂ ನಿಂತವು. ಜೂನ್ ನಡುವಿನಿಂದ ಜುಲೈ ಕೊನೆಯ ತನಕ ಕ್ಯಾಲೆಂಡರಿನಲ್ಲಿ ಬಿದ್ದದ್ದು ಐದೇ ಗೀಟು.

ಮೊದಲ ನೋಟಕ್ಕೆ ಇದು ವಿಚಿತ್ರ. ಪತ್ತನಾಜೆ, ಅಂದರೆ ತುಳು ಪಂಚಾಂಗದಲ್ಲಿ ಮೇ ಕೊನೆಗೆ ಬರುವ ದಿನ, ಕಳೆದ ಮೇಲೆ ದೈವಗಳ ನೇಮ, ಕೋಲ, ಬಯಲಾಟಗಳಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಆಟಿ ತಿಂಗಳಲ್ಲಿ ಮದುವೆ, ಗೃಹಪ್ರವೇಶಗಳೂ ಇಲ್ಲ. ಸಂಜೆ ನೀರು ಬಿಡುವ ಕೆಲಸವೂ ಇಲ್ಲ. ವರ್ಷದಲ್ಲೇ ಹೆಚ್ಚು ಬಿಡುವಿನ ಕಾಲವಿದು. ಆದರೆ ಬಿಡುವಿಗೆ ಆಕಾರ ಕೊಡುವ ಗೇಟ್‌ವಾಲ್ವ್ ಹೋಗಿತ್ತು. ಯಾವಾಗ ಕುಳಿತುಕೊಳ್ಳಬೇಕೆಂದು ಹೇಳುವ ಸೂಚನೆಯೂ, ಕುಳಿತದ್ದಕ್ಕೆ ಮನೆಯಲ್ಲಿ ಸಿಗುತ್ತಿದ್ದ ಮಾನ್ಯತೆಯೂ ಒಟ್ಟಿಗೇ ಹೋಗಿದ್ದವು. ಅದರ ಮೇಲೆ ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆಗಾಲದ ಆರಂಭಕ್ಕೆ ಒಮ್ಮೆ, ಆಮೇಲೆ ನಲುವತ್ತು–ನಲುವತ್ತೈದು ದಿನಕ್ಕೆ ಇನ್ನೊಮ್ಮೆ ಸಿಂಪಡಿಸಬೇಕು. ಮಳೆ ಬಿಟ್ಟು ಬಿಸಿಲು ಕಂಡ ದಿನವೇ ಅದು ಆಗಬೇಕು. ಮರ ಹತ್ತಿ ಮದ್ದು ಬಿಡುವವರು ಊರಿಗೆ ಕೆಲವರೇ ಇರುವುದರಿಂದ, ಅವರು ಬರುತ್ತೇವೆಂದು ಕರೆ ಮಾಡಿದ ದಿನ ಮನೆಯಲ್ಲಿ ಬೇರೆ ಯಾವ ಯೋಚನೆಗೂ ಜಾಗವಿಲ್ಲ. ಇಂಥ ಅಡ್ಡಿಯನ್ನು ತಡೆಯುವ ಮಾತೇ ಬರುವುದಿಲ್ಲ, ತಡೆಯಬಾರದು ಕೂಡ. ಆ ತೋಟದ ಆದಾಯದಲ್ಲಿಯೇ ಮನೆ ನಡೆಯಬೇಕು.

ಲೇಖಕಿ ಇದನ್ನು ತನ್ನ ಸೋಲೆಂದು ತಿಳಿದಿದ್ದರು. ಆಗ ನಾನು ಅವರಿಗೆ ಹೇಳಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಹೋದ್ಯೋಗಿಗಳ, 2010ರಲ್ಲಿ ಅಚ್ಚಾದ ಅಧ್ಯಯನದ ಬಗ್ಗೆ. 96 ಜನರು ದಿನವೂ ಒಂದು ನಿಶ್ಚಿತ ಸಂದರ್ಭಕ್ಕೆ ಜೋಡಿಸಿದ ಸಣ್ಣ ಕೆಲಸವೊಂದನ್ನು 12 ವಾರ ಮಾಡಿದರು. ಅದು ಅಭ್ಯಾಸವಾಗಿ ನೆಲೆಗೊಳ್ಳಲು ನಡುಮಟ್ಟದಲ್ಲಿ 66 ದಿನ ಹಿಡಿಯುತ್ತದೆಂದೂ, ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನಗಳವರೆಗೆ ವ್ಯತ್ಯಾಸವಿದೆಯೆಂದೂ ಅವರ ಅಂದಾಜು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲವೆಂಬುದೂ ಅದರಲ್ಲಿದೆ. ಅಲ್ಲಿ ಪರೀಕ್ಷಿಸಿದ್ದು ನೀರು ಕುಡಿಯುವುದು, ಹಣ್ಣು ತಿನ್ನುವುದು, ವ್ಯಾಯಾಮ ಮಾಡುವುದರಂಥ ಕೆಲಸಗಳನ್ನು. ಕಾದಂಬರಿ ಬರೆಯುವುದು ಅಷ್ಟು ಹಗುರವಲ್ಲ. ಆದರೂ ನಮಗೆ ಮುಖ್ಯವಾದದ್ದು ಅಭ್ಯಾಸ ಒಂದು ಸಂದರ್ಭವನ್ನು ಹಿಡಿದು ನಿಲ್ಲುತ್ತದೆ ಎಂಬ ಮಾತು. ಇವರ ಅಭ್ಯಾಸ ಗಟ್ಟಿಯಾಗಿಯೇ ಇತ್ತು. ಅದು ಹಿಡಿದು ನಿಂತಿದ್ದ ಸಂದರ್ಭವೇ ಆರು ತಿಂಗಳಿನದ್ದು.

ಹಾಗಾದರೆ ಆ ಮನೆಯಲ್ಲಿ ಮಳೆಗಾಲ, ಬೇಸಗೆ ಎನ್ನದೆ ವರ್ಷವಿಡೀ ಬದಲಾಗದೆ ನಡೆಯುವುದು ಯಾವುದು? ಹುಡುಕಿದಾಗ ಸಿಕ್ಕಿದ್ದು ಹಸುವಿನ ಹಾಲು. ಬೆಳಗ್ಗೆ ಆರೂಕಾಲಕ್ಕೆ ಪತಿ ಹಾಲಿನ ಕ್ಯಾನು ಹಿಡಿದು ಸ್ಕೂಟರಿನಲ್ಲಿ ಸೊಸೈಟಿಗೆ ಹೋಗುತ್ತಾರೆ, ಏಳಕ್ಕೆ ಹಿಂದಿರುಗುತ್ತಾರೆ. ಮಕ್ಕಳು ಏಳುವುದು ಆಮೇಲೆ. ಆ ಮುಕ್ಕಾಲು ಗಂಟೆ ಸಿಗುವ ಹಾಗಿದೆ. ಆದರೆ ಅದು ತಿಂಡಿ ಮಾಡುವ ಹೊತ್ತು. ಇಲ್ಲಿ ಮರೆಗೆ ಬೇರೆ ಕೆಲಸವಿಲ್ಲ. ಬಾಯಿ ಬಿಟ್ಟು ಕೇಳದೆ ದಾರಿಯಿರಲಿಲ್ಲ.

ಕೇಳಲು ಅವರಿಗೆ ಹತ್ತು ದಿನ ಬೇಕಾಯಿತು. ನಮ್ಮಲ್ಲಿ ಸೊಸೆಯಾದವಳು ಬ್ಯಾಂಕಿಗೆ ಹೋಗಲು ಹೊತ್ತು ಕೇಳಬಹುದು, ಆಸ್ಪತ್ರೆಗೆ ಹೋಗಲು ಕೇಳಬಹುದು; ಇನ್ನೂ ಅಚ್ಚಾಗದ, ಅಚ್ಚಾಗುತ್ತದೋ ಇಲ್ಲವೋ ತಿಳಿಯದ ಕಾದಂಬರಿಗಾಗಿ ತಿಂಡಿಯ ಹೊತ್ತನ್ನು ಕೇಳುವುದು ಹೇಗೆ? ಆಟಿಯ ಒಂದು ಭಾನುವಾರ ಅತ್ತೆ ಪತ್ರೊಡೆಗೆ ಕೆಸುವಿನ ಎಲೆ ಜೋಡಿಸುತ್ತಿದ್ದಾಗ, ಪಕ್ಕದಲ್ಲಿ ಕುಳಿತು ಹಿಟ್ಟು ಹಚ್ಚುತ್ತ ವಿಷಯ ತೆಗೆದರಂತೆ. ತಾನು ಬರೆಯುತ್ತಿರುವುದು ಏನು, ಇನ್ನೆಷ್ಟು ಬಾಕಿಯಿದೆ, ಬೆಳಗ್ಗಿನ ತಿಂಡಿಯನ್ನು ಅತ್ತೆ ನೋಡಿಕೊಂಡರೆ ರಾತ್ರಿಯ ಅಡುಗೆ ಮತ್ತು ಪಾತ್ರೆಯನ್ನು ತಾನೊಬ್ಬಳೇ ಮಾಡುವುದಾಗಿ ಹೇಳಿದರು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: ಇಷ್ಟು ದಿನ ಪಂಪಿನ ಹತ್ತಿರ ಮಾಡುತ್ತಿದ್ದದ್ದು ಇದೇ ಕೆಲಸವೇ? ಹೌದೆಂದಾಗ, ಸೊಳ್ಳೆ ಕಚ್ಚಿಸಿಕೊಂಡು ಅಲ್ಲಿ ಯಾಕೆ ಕುಳಿತೆ, ಮೊದಲೇ ಹೇಳಬಾರದಿತ್ತೇ ಎಂದರಂತೆ. ಮುಂದಿನ ವಾರಗಳಲ್ಲಿ ಅವರು ತನ್ನ ತವರುಮನೆಯ ಸುರಂಗದ ಕತೆಗಳನ್ನು ತಾನಾಗಿ ಹೇಳತೊಡಗಿದರು. ಒಳಗೆ ಹಿಡಿದ ದೀಪ ಮಂಕಾದರೆ ಉಸಿರಾಡುವ ಗಾಳಿ ಕಡಿಮೆಯಾಯಿತೆಂದು ತಿಳಿದು ಹೊರಗೆ ಬರುತ್ತಿದ್ದುದನ್ನು ಲೇಖಕಿ ಮೊದಲು ಕೇಳಿದ್ದು ಅತ್ತೆಯ ಬಾಯಿಂದಲೇ.

ಎಲ್ಲ ಮನೆಗಳಲ್ಲೂ ಈ ಮಾತುಕತೆ ಹೀಗೆಯೇ ನಡೆಯುತ್ತದೆಂದು ನಾನು ಹೇಳಲಾರೆ. ಅತ್ತೆಗೆ ಆರೋಗ್ಯವಿತ್ತು, ಮನಸ್ಸೂ ಇತ್ತು. ಆದರೂ ಕದ್ದು ಬರೆಯುವ ಹೊತ್ತು ಎಷ್ಟೇ ಸಿಕ್ಕಿದರೂ ಅದು ಕೇಳಿ ಪಡೆದ ಹೊತ್ತಿನಷ್ಟು ಭದ್ರವಲ್ಲವೆಂಬುದು ಈ ಪ್ರಕರಣದಲ್ಲಿ ನನಗೆ ಬಹಳ ಸ್ಪಷ್ಟವಾಗಿ ಕಂಡಿತು.

ಎರಡನೆಯ ವರ್ಷ

2023ರ ಆಗಸ್ಟಿನಿಂದ ಬೆಳಗ್ಗಿನ ಮುಕ್ಕಾಲು ಗಂಟೆಯ ಬರವಣಿಗೆ ನೆಲೆಯಾಯಿತು. ಡಿಸೆಂಬರಿನಲ್ಲಿ ಮತ್ತೆ ನೀರು ಬಿಡಲು ತೊಡಗಿದಾಗ ಸಂಜೆಯ ವಾಲ್ವಿನ ಹೊತ್ತೂ ಸಿಕ್ಕಿತು. ಎರಡರಲ್ಲೂ ಹೊಸತನ್ನು ಬರೆಯಲು ಹೋಗಿ ಎರಡು ವಾರದಲ್ಲಿ ದಣಿದರು. ಆಮೇಲೆ ಬೆಳಗ್ಗೆ ಹೊಸತು, ಸಂಜೆ ತಿದ್ದುವುದು ಎಂದಾಯಿತು. ಬೆಳಗ್ಗಿನ ಕುಳಿತುಕೊಳ್ಳುವಿಕೆಗೆ ನಾವು ನೆನೆಸದ ಒಂದು ಅನುಕೂಲವೂ ಇತ್ತು. ಮಲಯಾಳದ ಕಡತಗಳು ಇನ್ನೂ ತೆರೆಯದ ಹೊತ್ತಾದ್ದರಿಂದ ಕನ್ನಡಕ್ಕೆ ದಾಟುವ ಹತ್ತು ನಿಮಿಷ ಐದಕ್ಕೆ ಇಳಿಯಿತು. ನಕಲು ಮಾಡುವುದನ್ನು ಮಾತ್ರ ಅವರು ಬಿಡಲಿಲ್ಲ.

ನೇಮ, ದೇವಸ್ಥಾನದ ಬ್ರಹ್ಮಕಲಶ, ಮದುವೆ, ಅಡಿಕೆ ಸುಲಿಯುವ ದಿನಗಳಿಗೆ ಬೇರೆ ನಿಯಮ: ಅಂದು ಅರ್ಧ ಪುಟ ನಕಲು ಮಾಡಿದರೆ ಸಾಕು, ಗೀಟು ಹಾಕಬಹುದು. ಹೊಸ ವಾಕ್ಯ ಬಾರದಿದ್ದರೂ ಕತೆಯ ಎಳೆ ಕೈಬಿಟ್ಟು ಹೋಗುವುದಿಲ್ಲ. ಹುಡುಗನ ವಯಸ್ಸು ನಾಲ್ಕು ವರ್ಷದಲ್ಲಿ ಎಂಟು ಏರಿದಂಥ ತಪ್ಪು ಆಮೇಲೆ ಮರುಕಳಿಸಿಲ್ಲ.

2024ರ ಮಾರ್ಚಿನಲ್ಲಿ ಮೊದಲ ಭಾಗದ ಕರಡು ಮುಗಿಯಿತು. ಎರಡು ನೋಟುಬುಕ್ಕುಗಳು ತುಂಬಿ ಮೂರನೆಯದರ ಕಾಲು ಭಾಗ. ನನಗೆ ಓದಲು ಸಿಕ್ಕಿದ್ದು ಆಗಲೇ. ಹಳೆಯ ಮೊದಲ ಅಧ್ಯಾಯ, ನಾಲ್ಕು ಸಲ ಬರೆದದ್ದು, ಅದರಲ್ಲಿ ಇರಲೇ ಇಲ್ಲ. ಕತೆ ಅದಕ್ಕಿಂತ ಎಂಟು ವರ್ಷ ಮುಂದಿನಿಂದ, ಬಾವಿ ಬತ್ತಿದ ಒಂದು ಏಪ್ರಿಲಿನಿಂದ ತೊಡಗುತ್ತಿತ್ತು. ಹುಡುಗ ತಂದೆಗೆ ಓಗೊಡುವುದು ತುಳುವಿನಲ್ಲಿಯೇ. ಅದಕ್ಕೆ ಅರ್ಥವಿವರಣೆ ಕೊಟ್ಟಿಲ್ಲ, ಮುಂದಿನ ವಾಕ್ಯದಲ್ಲಿ ಅವನು ಓಡಿ ಬರುತ್ತಾನೆ, ಓದುವವರಿಗೆ ತಿಳಿಯುತ್ತದೆ.

ಇದನ್ನು ಬರೆಯುವ ಹೊತ್ತಿಗೆ ಹೊಸ ತೊಡಕು ಎದುರಿಗಿದೆ. ದೊಡ್ಡ ಮಗಳು ಜೂನಿನಲ್ಲಿ ಹತ್ತನೆಯ ತರಗತಿಗೆ ಹೋಗುತ್ತಾಳೆ; ಬೆಳಗ್ಗೆ ಏಳಕ್ಕೆ ಟ್ಯೂಷನ್, ಆರೂವರೆಗೇ ಅವಳನ್ನು ಹೊರಡಿಸಬೇಕು. ಹಾಲು ಹೋದ ಮೇಲಿನ ಮುಕ್ಕಾಲು ಗಂಟೆ ಇನ್ನು ಸಿಗುವುದಿಲ್ಲ. ಮಳೆ ಹಿಡಿದರೆ ಪಂಪೂ ನಿಲ್ಲುತ್ತದೆ. ಕಳೆದ ವಾರ ಇದಕ್ಕಾಗಿ ಮನೆಯವರೆಲ್ಲ ಕುಳಿತು ಮಾತಾಡಿದ್ದಾರೆ, ಮಗಳೂ ಸೇರಿ. ಟ್ಯೂಷನ್ನಿಗೆ ಅಪ್ಪನ ಸ್ಕೂಟರಿನಲ್ಲಿ ಹಾಲಿನೊಂದಿಗೇ ಹೋಗಬಹುದೇ, ರಾತ್ರಿ ಅವಳು ಓದುವ ಮೇಜಿನ ಇನ್ನೊಂದು ಬದಿಯಲ್ಲಿ ಅಮ್ಮ ಕುಳಿತು ಬರೆಯಬಹುದೇ ಎಂಬ ಎರಡು ಸಲಹೆಗಳು ಬಂದಿವೆ. ಎರಡನೆಯದನ್ನು ಹೇಳಿದ್ದು ಮಗಳು. ಯಾವುದು ನೆಲೆಯಾಗುತ್ತದೆಂದು ಜೂನಿನಲ್ಲಿ ತಿಳಿಯಬೇಕು. ಸಣ್ಣ ಪುಸ್ತಕದಲ್ಲಿ "ಮುಂದೆ" ಎಂಬುದರ ಎದುರು ಸದ್ಯ ಇರುವ ಸಾಲು ಇದು: ಅರುವತ್ತನೆಯ ಕೋಲಿನಲ್ಲಿ ದೀಪ ಮಂಕಾಯಿತು, ತಂದೆ ಹೊರಗೆ ಬಂದ, ಮಗ ಇನ್ನೂ ಒಳಗಿದ್ದಾನೆ.